ಕಾಲು ಗಟ್ಟಿ ಇರುವಾಗಲೇ ಹೊರಟೆ

ಬಾಗಲಕೋಟೆಯ ನವನಗರದ ಮನೆ ಬಿಟ್ಟು ಬೆಳಗಾವಿಯ ವೃದ್ಧಾಶ್ರಮ ಸೇರಿದಾಗ ನನಗೆ 76. ಯಾರೂ ತಂದು ಬಿಟ್ಟಿದ್ದಲ್ಲ, ನಾನೇ ನೋಡಿ, ಕೇಳಿ ಬಂದೆ. ಮಗ ಪುಣೆಯಲ್ಲಿದ್ದಾನೆ. ಮಗಳು ಬೆಳಗಾವಿಯಲ್ಲೇ ಇರೋದು. "ಅವ್ವಾ, ನಾ ಇದ್ದೂ ನೀ ಆಶ್ರಮಕ್ಕ ಹೋದ್ರ ಮಂದಿ ಏನಂದಾರು?" ಎಂದು ಅತ್ತಳು. ಅವಳದು ಎರಡನೇ ಮಹಡಿ, ಲಿಫ್ಟ್ ಇಲ್ಲ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರೋದು ಕತ್ತಲಾದ ಮೇಲೆ. ನನಗೆ ಶುಗರ್ ಇದೆ, ಮೊಣಕಾಲು ನೋವು ಬೇರೆ. ಬಚ್ಚಲಲ್ಲಿ ಜಾರಿ ಬಿದ್ದರೆ ಎತ್ತುವವರು ಬೇಕು, ಅಲ್ವಾ?

ಆಶ್ರಮ ನೋಡಲು ಹೋದಲ್ಲೆಲ್ಲ ತೋಟ, ಪ್ರಾರ್ಥನಾ ಕೋಣೆ, ಟಿವಿ ತೋರಿಸುತ್ತಾರೆ. ನಾನು ಕೇಳಿದ್ದು ಒಂದೇ. "ನಾ ಹಾಸಿಗಿ ಹಿಡದ್ರ ಇಟ್ಕೋತೀರೇನ್ರಿ?" ತಾವೇ ಎದ್ದು ಸ್ನಾನ ಮಾಡಿಕೊಳ್ಳುವವರನ್ನು ಮಾತ್ರ ಇಟ್ಟುಕೊಳ್ಳುವ ಕಡೆಗಳು ಬಹಳ. ಮಲಗಿಬಿಟ್ಟರೆ ಮಕ್ಕಳಿಗೆ ಫೋನ್ ಮಾಡಿ ಕರೆದುಕೊಂಡು ಹೋಗಿ ಅಂತಾರೆ. ಆ ಸ್ಥಿತಿಯಲ್ಲಿ ಹೊಸ ಜಾಗ ಹುಡುಕೋದು ಯಾರಿಗೂ ಬೇಡ. ಒಂದು ಕಡೆ ಮ್ಯಾನೇಜರ್ "ಆವಾಗ ನೋಡೂಣು ಬಿಡ್ರಿ" ಅಂದರು. ಆ ಹೆಸರನ್ನು ಅಲ್ಲೇ ಹೊಡೆದು ಹಾಕಿದೆ.

ಹಾಸಿಗೆ ಹಿಡಿದವರ ಕೋಣೆ ತೋರಿಸಿ ಅಂತಲೂ ಕೇಳಿದೆ. ಅಲ್ಲಿ ನೋಡಬೇಕಾದ್ದು ಗೋಡೆಯ ಬಣ್ಣ ಅಲ್ಲ. ಮಲಗಿದವರ ಉಗುರು ಕತ್ತರಿಸಿದ್ದಾರಾ, ನೀರಿನ ಲೋಟ ಕೈಗೆ ಸಿಗುತ್ತಾ, ಮಗ್ಗುಲು ಬದಲಿಸುತ್ತಾರಾ ನೋಡಬೇಕು. ಈಗ ನಾನಿರುವಲ್ಲಿ ಒಬ್ಬ ಅಜ್ಜಿಯ ಕಾಲಿಗೆ ಆಯಾ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಬೆರಳಿನ ಸಂದಿಯನ್ನೂ ಬಿಡದೆ ಒರೆಸಿದಳು. ನಾನು ಬಂದದ್ದನ್ನು ಅವಳು ನೋಡಿಯೇ ಇರಲಿಲ್ಲ. ಹಾಸಿಗೆ ಹಿಡಿದರೆ ತಿಂಗಳಿಗೆ ಎಷ್ಟು ಜಾಸ್ತಿ, ರಾತ್ರಿ ಯಾರಿರುತ್ತಾರೆ, ಆಸ್ಪತ್ರೆಗೆ ಯಾರು ಒಯ್ಯುತ್ತಾರೆ, ಠೇವಣಿ ಯಾವಾಗ ವಾಪಸ್ ಎಂಬುದನ್ನೆಲ್ಲ ಕರಾರಿನಲ್ಲಿ ಬರೆಸಿಕೊಂಡೆ. ಬಾಯಿಮಾತು ಮ್ಯಾನೇಜರ್ ಬದಲಾದ ದಿನ ಹೋಗಿಬಿಡುತ್ತದೆ. ಮೊದಲು ಒಂದು ತಿಂಗಳು ಇದ್ದು ನೋಡಿ, ಆಮೇಲೆ ಪೂರ್ತಿ ಸೇರಿದೆ.

ಮನೆಯ ವಿಷಯದಲ್ಲಿ ಎಲ್ಲರೂ ಸಲಹೆ ಕೊಟ್ಟರು. ಮಗನ ಹೆಸರಿಗೆ ದಾನಪತ್ರ ಮಾಡಿಬಿಡಿ ಅಂದವರೇ ಹೆಚ್ಚು. ನಾನು ಮಾಡಲಿಲ್ಲ. ಮಗನ ಮೇಲೆ ಅಪನಂಬಿಕೆ ಅಂತಲ್ಲ, ಆಶ್ರಮದ ಖರ್ಚಿಗೆ ಬಾಡಿಗೆ ಬೇಕು. ಕೊಡುವುದೇ ಆದರೆ, ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ಪತ್ರ ರದ್ದು ಮಾಡಿಸಬಹುದು. ನಾನು ಉಯಿಲು ಬರೆದೆ. ಇಬ್ಬರು ಸಾಕ್ಷಿ ಬೇಕು, ಆಸ್ತಿ ಪಡೆಯುವವರು ಸಾಕ್ಷಿ ಹಾಕಬಾರದು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿದೆ. ಪಿಂಚಣಿ ಖಾತೆಯನ್ನು ಬೆಳಗಾವಿ ಶಾಖೆಗೆ ಹಾಕಿಸಿಕೊಂಡೆ. ಬ್ಯಾಂಕಿನ ಕೆಲಸಕ್ಕೆ ಬಾಗಲಕೋಟೆಗೆ ಓಡಾಡುವ ಕಾಲು ಈಗ ಇಲ್ಲ. ಗ್ಯಾಸ್ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ ಡಿಪಾಸಿಟ್ ತೆಗೆದುಕೊಂಡೆ.

ಸಾಮಾನಿನದೇ ದೊಡ್ಡ ಕೆಲಸ. ಹಳೇ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆ ಆದಾಗ ಬೀಸುವ ಕಲ್ಲಿನಿಂದ ಹಿಡಿದು ಬಾಗಿಲ ಚೌಕಟ್ಟಿನವರೆಗೆ ಎಲ್ಲ ಹೊತ್ತು ತಂದಿದ್ದೆವು. ಈ ಸಲ ನನಗೆ ಸಿಕ್ಕಿದ್ದು ಒಂದು ಕಪಾಟು, ಮಂಚದ ಕೆಳಗಿನ ಜಾಗ, ಅಷ್ಟೇ. ಹಿತ್ತಾಳೆ ಕೊಡ, ಪರಾತ ಎಲ್ಲ ನಾನಿರುವಾಗಲೇ ಕೈಯಾರೆ ಹಂಚಿದೆ. ಬಾಜೂ ಮನೆಯವಳು ಹಂಚು ಹಿಡಿದುಕೊಂಡು "ಅಕ್ಕಾರ, ರೊಟ್ಟಿ ಬಡದಾಗೆಲ್ಲ ನಿಮ್ಮನ್ನ ನೆನಸ್ತೀನ್ರಿ" ಅಂದಳು. ಅದು ನನಗೆ ಸಾಕು.

ಕೌದಿ ಮಾತ್ರ ಬಿಡಲು ಮನಸ್ಸಾಗಲಿಲ್ಲ. ಅತ್ತೆಯ ಇಳಕಲ್ ಸೀರೆಗಳಿಂದ ಹೊಲಿದದ್ದು, ಇಬ್ಬರು ಹೊದೆಯುವಷ್ಟು ದೊಡ್ಡದು. ನಮ್ಮ ಕಡೆ ಬಿಸಿಲಿಗೆ ಒಂದೇ ದಿನದಲ್ಲಿ ಒಣಗುತ್ತಿತ್ತು. ಬೆಳಗಾವಿ ಮಳೆಗಾಲದಲ್ಲಿ ಒದ್ದೆ ಕೌದಿ ವಾಸನೆ ಹಿಡಿಯುತ್ತದೆ, ಆಶ್ರಮದ ಮಷಿನ್‌ಗೂ ಹಿಡಿಸಲ್ಲ. ಹೊಲಿಯುವವಳ ಹತ್ತಿರ ಒಯ್ದು ಅರ್ಧಕ್ಕೆ ಕತ್ತರಿಸಿ, ಅಂಚು ಕಟ್ಟಿಸಿದೆ. ಇನ್ನರ್ಧ ಮಗಳಿಗೆ. ಪ್ರತಿ ಬಟ್ಟೆಯ ಒಳಗಡೆ ಕೆಂಪು ದಾರದಲ್ಲಿ ನನ್ನ ಹೆಸರಿನ ಮೊದಲ ಅಕ್ಷರ ಹಾಕಿದ್ದೇನೆ. ಇಲ್ಲದಿದ್ದರೆ ಎಲ್ಲರ ಬಟ್ಟೆ ಒಟ್ಟಿಗೆ ಒಗೆಯುವಲ್ಲಿ ಯಾರ ಲಂಗ ಯಾರಿಗೋ.

ಕೊನೆಗೆ ಎರಡು ಹಾಳೆ ಬರೆದೆ. ಒಂದರಲ್ಲಿ ಗುಳಿಗೆಗಳ ಹೆಸರು, ಹೊತ್ತು ಮತ್ತು ನನ್ನ ಅಭ್ಯಾಸಗಳು. ಚಹಾಕ್ಕೆ ಸಕ್ಕರೆ ಬೇಡ, ರಾತ್ರಿ ಅನ್ನ ಬೇಡ, ರೊಟ್ಟಿ ಮೆತ್ತಗಿರಲಿ, ಅಜ್ಜಿ ಅನ್ನಬೇಡಿ ಅಕ್ಕಾರ ಅನ್ನಿ. ನಾಳೆ ನನಗೆ ಮರೆವು ಬಂದರೂ ಆಯಾಗೆ ಗೊತ್ತಿರಬೇಕು. ಇನ್ನೊಂದು, ಗುಣವಾಗುವ ಆಸೆ ಇಲ್ಲದಾಗ ಮಷಿನ್ ಹಾಕಿ ಉಸಿರು ಎಳೆಸಬೇಡಿ ಎಂಬುದು. ಇಂಥ ಪತ್ರಕ್ಕೆ ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿಗೆ ಕೊಟ್ಟಿದೆ. 2023ರಲ್ಲಿ ದಾರಿ ಸರಳ ಮಾಡಿದೆ. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ ನೋಟರಿ ಮಾಡಿಸಿದೆ. ನನ್ನ ಪರವಾಗಿ ನಿರ್ಧಾರ ಮಾಡುವವರು ಎಂದು ಮಕ್ಕಳಿಬ್ಬರ ಹೆಸರನ್ನೂ ಬರೆದೆ. ಮಗ ಫೋನಿನಲ್ಲಿ ಬಹಳ ಹೊತ್ತು ಜಗಳಾಡಿದ. ಆಮೇಲೆ ರಜೆ ಹಾಕಿ ಬಂದು, ಕೂತು ಪೂರ್ತಿ ಓದಿ, ತನ್ನ ಪ್ರತಿಯನ್ನು ಬ್ಯಾಗಿಗೆ ಹಾಕಿಕೊಂಡ. ಒಂದು ಪ್ರತಿ ಮಗಳ ಹತ್ತಿರ ಇದೆ, ಇನ್ನೊಂದು ಆಶ್ರಮದ ಆಫೀಸಿನ ಫೈಲಿನಲ್ಲಿ.