ಫ್ಯೂಚರಾಮದ ಹೊಸ ಸೀಸನ್, ಹಳೇ ಎಪಿಸೋಡಿನ ಚೀಟಿ: ನನ್ನ ಅನುಭವ

ಹೊಸ ಸೀಸನ್ ಬಂದ ಕೂಡ್ಲೆ ಹಳೇ ಫ್ಯಾನ್‌ಗಳು ಹೇಳುದು ಒಂದೇ ಮಾತು, "ಮೊದ್ಲಿನ ಹಾಗೆ ಇಲ್ಲ ಮಾರಾಯ". ಮೊದ್ಲು ಹೇಗಿತ್ತು ಅಂತ ಕೇಳಿ ನೋಡಿ, ನಾಲ್ಕೈದು ಎಪಿಸೋಡಿನ ಹೆಸರು ಬರ್ತದೆ, ಅಷ್ಟೇ. ಫ್ಯೂಚರಾಮ ಅನ್ನುವ ಅಮೆರಿಕದ ಕಾರ್ಟೂನ್ ಸೀರೀಸಿದ್ದಾದ್ರೆ ನಾಯಿದ್ದು ಬಂದೇ ಬರ್ತದೆ, ಅಂದ್ರೆ 2002ರ "ಜುರಾಸಿಕ್ ಬಾರ್ಕ್", ಯಜಮಾನ ಬರ್ತಾನೆ ಅಂತ 12 ವರ್ಷ ಪಿಜ್ಜಾ ಅಂಗಡಿ ಎದುರು ಕಾದ ನಾಯಿಯ ಕಥೆ. ಆಮೇಲೆ ಟೈಮ್ ಮೆಷಿನಿದ್ದು, ಆಮೇಲೆ 2013ರ ಕೊನೇ ಎಪಿಸೋಡು. 2013ರವರೆಗೆ ನಾಲ್ಕು ಸಿನೆಮಾ ತುಂಡು ಮಾಡಿದ್ದನ್ನೂ ಸೇರಿಸಿದ್ರೆ ಒಟ್ಟು 140 ಎಪಿಸೋಡ್ ಉಂಟು, ಉಳಿದದ್ದೆಲ್ಲ ಎಲ್ಲಿ ಹೋಯ್ತು? ಯಾರಿಗೂ ನೆನಪಿಲ್ಲ. ಹೊಸ ಸೀಸನಿನ ಹತ್ತು ಎಪಿಸೋಡನ್ನು ಹಳೇ ಐದರ ಪಕ್ಕ ಇಟ್ಟು ತೂಗುದು ನ್ಯಾಯ ಅಲ್ಲ ಅಂತ ನನಗೆ ಮೊದ್ಲಿಂದ ಅನಿಸ್ತಿತ್ತು, 2023ರಲ್ಲಿ ಸೀರೀಸ್ ವಾಪಸ್ ಬಂದಾಗ ಅದನ್ನೇ ಒಂದು ಕೆಲಸ ಅಂತ ಮಾಡಿ ನೋಡಿದೆ. ಹೇಗೆ ಮಾಡಿದ್ದು ಅಂತ ಬರೀತೇನೆ, ಯಾರಾದ್ರೂ ಬೇರೆ ಸೀರೀಸಿಗೆ ಮಾಡುದಾದ್ರೆ ಮಾಡಬಹುದು.

ಗೊತ್ತಿಲ್ಲದವರಿಗೆ ಚುಟುಕಾಗಿ: ಫ್ರೈ ಅಂತ ಪಿಜ್ಜಾ ಹಂಚುವ ಹುಡುಗ, 1999ರ ಡಿಸೆಂಬರ್ 31ರ ರಾತ್ರಿ ನ್ಯೂಯಾರ್ಕಲ್ಲಿ ಫ್ರೀಜ್ ಆಗಿ ಸಾವಿರ ವರ್ಷ ಕಳೆದು ಏಳ್ತಾನೆ. ಒಂದೇ ಕಣ್ಣಿನ ಲೀಲಾ, ಕುಡುಕ ರೋಬೋಟ್ ಬೆಂಡರ್, ಮುದುಕ ಪ್ರೊಫೆಸರ್, ಇವರ ಜೊತೆ ಪಾರ್ಸೆಲ್ ಕಂಪೆನಿಯಲ್ಲಿ ಕೆಲಸ. ಮ್ಯಾಟ್ ಗ್ರೇನಿಂಗ್ ಶುರು ಮಾಡಿದ್ದು, ಡೇವಿಡ್ ಎಕ್ಸ್ ಕೋಹೆನ್ ಜೊತೆಗೆ ಬೆಳೆಸಿದ್ದು. 1999 ಮಾರ್ಚಲ್ಲಿ ಫಾಕ್ಸ್ ಚಾನೆಲಲ್ಲಿ ಶುರುವಾಗಿ 2003ಕ್ಕೆ ನಿಂತಿತು, ಆಮೇಲೆ ಡಿವಿಡಿ ಸಿನೆಮಾಗಳು, 2010ರಿಂದ 2013 ಕಾಮಿಡಿ ಸೆಂಟ್ರಲ್ ಚಾನೆಲ್, ಮತ್ತೆ ಹತ್ತು ವರ್ಷ ಸುದ್ದಿಯೇ ಇಲ್ಲ, 2023 ಜುಲೈ 24ಕ್ಕೆ ಹುಲು ಅನ್ನುವ ಅಮೆರಿಕದ ಸ್ಟ್ರೀಮಿಂಗ್ ಸೈಟಲ್ಲಿ ಪುನಃ ಶುರು. ಇದು ಎಷ್ಟನೇ ಸೀಸನ್ ಅನ್ನುದರಲ್ಲೇ ಫ್ಯಾನ್‌ಗಳಿಗೆ ಜಗಳ, ಯಾಕಂದ್ರೆ ಫಾಕ್ಸಿನವರು ನಾಲ್ಕು ಸೀಸನಿಗೆ ಅಂತ ತಯಾರು ಮಾಡಿದ 72 ಎಪಿಸೋಡನ್ನು ಐದು ಸೀಸನ್ ಎಳೆದು ತೋರಿಸಿದ್ದರು, ಹುಲು 11 ಅಂತ ಹಾಕಿತು, ನಾವೂ 11 ಅಂತಲೇ ಹೇಳುದು.

ಜುಲೈ ಕೊನೆ ಅಂದ್ರೆ ನಮ್ಮಲ್ಲಿ ಆಟಿ, ತುಳುನಾಡಿನ ಜಡಿಮಳೆಯ ತಿಂಗಳು. ಕಾಸರಗೋಡಿನ ಪೆರ್ಲ ಬದಿಯ ಮಳೆ ಗೊತ್ತಿದ್ದವರಿಗೆ ಹೇಳುದು ಬೇಡ. ಮೇ ಕೊನೆಯ ಪತ್ತನಾಜೆ ಕಳೆದ ಮೇಲೆ ಯಕ್ಷಗಾನ ಮೇಳದ ಆಟ ಇಲ್ಲ, ತೋಟದಲ್ಲಿ ಮದ್ದು ಬಿಡುದಕ್ಕೂ ಮಳೆ ಬಿಡ್ಬೇಕು, ಸಂಜೆ ಆದ್ರೆ ಎಲ್ರೂ ಮನೆಯೊಳಗೆ. ಹಾಗಾಗಿ ಜನ ಸೇರಿಸುದು ಕಷ್ಟ ಆಗ್ಲಿಲ್ಲ. ನಾನು, ಕಾಲೇಜಲ್ಲಿ ನನ್ನ ಜೊತೆಗೇ ಇದನ್ನು ಲ್ಯಾಪ್‌ಟಾಪಲ್ಲಿ ನೋಡಿ ಹುಚ್ಚು ಹಿಡಿಸಿಕೊಂಡ ಭಾವ, ಬದಿಯಡ್ಕದಲ್ಲಿ ಮೊಬೈಲ್ ರಿಪೇರಿ ಮಾಡುವ ಒಬ್ಬ ದೋಸ್ತಿ, ಇವರು ಮೂರು ಹಳೇ ಫ್ಯಾನ್‌ಗಳು. ಫ್ಯೂಚರಾಮ ಅಂದ್ರೆ ಎಂತ ಅಂತ ಗೊತ್ತಿಲ್ಲದವರು ಬೇಕೇ ಬೇಕಿತ್ತು, ಅದಕ್ಕೆ ಚಿಕ್ಕಮ್ಮನ ಮಕ್ಕಳು, ಒಬ್ಬ ಪ್ಲಸ್ ಟು ಒಬ್ಬಳು ಒಂಬತ್ತನೇ ಕ್ಲಾಸು, ಮತ್ತೆ ಪಕ್ಕದ ಮನೆಯ ರಿಟೈರ್ಡ್ ಲೆಕ್ಕದ ಮಾಷ್ಟ್ರು. ಅವರು ಬಂದದ್ದು ಮೊದಲ ದಿನ ಹಲಸಿನ ಹಪ್ಪಳಕ್ಕೆ, ಎರಡನೇ ದಿನದಿಂದ ನಮಗಿಂತ ಮೊದ್ಲು ಬಂದು ಕೂತಿರ್ತಿದ್ದರು. (ಹಪ್ಪಳ ಆಮೇಲೆ ನಿಲ್ಲಿಸಿದೆ, ಕರುಂಕುರುಂ ಶಬ್ದಕ್ಕೆ ಡೈಲಾಗ್ ಕೇಳುದಿಲ್ಲ.)

ಮಾಡಿದ್ದು ಇಷ್ಟು. ಹಳೇ ಎಲ್ಲ ಎಪಿಸೋಡಿನ ಹೆಸರು ಚೀಟಿ ಮಾಡಿ ಸ್ಟೀಲ್ ಡಬ್ಬದಲ್ಲಿ ಹಾಕಿದೆ, ಒಳ್ಳೇದು ಕೆಟ್ಟದ್ದು ಅಂತ ಆರಿಸ್ಲೇ ಇಲ್ಲ. ಪ್ರತೀ ವಾರ ಹೊಸದು ಒಂದು, ಅದರ ಜೊತೆ ಚೀಟಿ ಎತ್ತಿ ಬಂದ ಹಳೇದು ಒಂದು. ಯಾವುದು ಮೊದ್ಲು ಅಂತಲೂ ವಾರಕ್ಕೊಂದು ಸಲ ಅದಲು ಬದಲು, ಯಾಕಂದ್ರೆ ಎರಡನೇದಕ್ಕೆ ನಿದ್ದೆ ಬರುದು ಗ್ಯಾರಂಟಿ. ನೋಡಿ ಆದ ಮೇಲೆ ಬಾಯಿ ಬಿಡುವ ಮೊದ್ಲು ಪ್ರತಿಯೊಬ್ಬರೂ ನೋಟ್‌ಬುಕ್ಕಲ್ಲಿ ಬರೀಬೇಕು: ನಗು ಬಂದದ್ದು ಎಲ್ಲಿ, ಮೊಬೈಲ್ ಕೈಗೆ ತೆಗೆದದ್ದು ಎಲ್ಲಿ, ಇನ್ನೊಮ್ಮೆ ನೋಡ್ತೀರಾ. ಮಾರ್ಕ್ ಕೊಡುದು ಬೇಡ ಅಂತ ನಾನೇ ಹೇಳಿದ್ದು, ಹತ್ತರಲ್ಲಿ ಏಳು ಅಂತ ಬರೆದ್ರೆ ಅದರಿಂದ ನನಗೆ ಎಂತ ಗೊತ್ತಾಗ್ತದೆ? ಆದ್ರೆ ಮೊಬೈಲಿನ ಪ್ರಶ್ನೆ ಭಾರೀ ಉಪಯೋಗದ್ದು. "ಸೂಪರ್ ಎಪಿಸೋಡ್" ಅಂತ ಹೇಳಿದವನೇ ಮಧ್ಯದಲ್ಲಿ ಮೂರು ಸಲ ವಾಟ್ಸಾಪ್ ನೋಡಿದ್ದು ಬರೆದಿರ್ತಾನೆ, ಅಲ್ಲಿಗೆ ಮುಗಿಯಿತಲ್ಲ.

ಬರೆಯುವ ಮೊದ್ಲು ಮಾತಾಡ್ಬಾರ್ದು ಅನ್ನುವ ನಿಯಮ ಮುಖ್ಯ, ಇದನ್ನು ಬಿಟ್ರೆ ಉಳಿದದ್ದು ವೇಸ್ಟ್. ನಮ್ಮ ಭಾವ ದೊಡ್ಡ ಸ್ವರದವ, ಅವನು "ಛೆ, ಇದೆಂತ" ಅಂದ್ರೆ ಮಕ್ಕಳು ನಕ್ಕದ್ದನ್ನೂ ಮರೆತು "ಹೌದು ಬೋರ್" ಅಂತ ಹೇಳ್ತಾರೆ. ಯಕ್ಷಗಾನದಲ್ಲಿ ಹೊಸ ಪ್ರಸಂಗ ಆಡಿದ ಮರುದಿನ ಪೇಟೆಯಲ್ಲಿ ಒಬ್ಬ ಹಿರಿಯ ಅಭಿಮಾನಿ ಎಂತ ಹೇಳ್ತಾರೋ ಅದೇ ಊರಿನ ಅಭಿಪ್ರಾಯ ಆಗುದಿಲ್ವಾ, ಹಾಗೆ.

ಇನ್ನೊಂದು ವಿಷಯ ಸಬ್‌ಟೈಟಲ್. ಇಂಗ್ಲಿಷ್ ಸಬ್‌ಟೈಟಲ್ ಹಾಕಿದ್ರೆ ಬೇಗ ಓದುವವರು ಬೆಂಡರ್ ಬಾಯಿ ತೆರೆಯುವ ಮೊದ್ಲೇ ನಕ್ಕು ಮುಗಿಸ್ತಾರೆ, ನಿಧಾನ ಓದುವವರು ಆ ನಗು ಕೇಳಿ "ಎಂತ, ಎಂತ" ಅಂತ ಕೇಳುವಾಗ ಜೋಕ್ ಹೋಗಿ ಆಯ್ತು. ಹಾಕದಿದ್ರೆ ಮಾಷ್ಟ್ರಿಗೆ ಆ ವೇಗ ಹಿಡಿಯುದಿಲ್ಲ. ಕೊನೆಗೆ ಹಾಕಿಯೇ ನೋಡಿದೆವು, ಆದ್ರೆ ನೋಟ್‌ಬುಕ್ ಓದುವಾಗ ಇದನ್ನು ಲೆಕ್ಕಕ್ಕೆ ಹಿಡಿದೆ: ಹಿಂದೆ ಗೋಡೆ ಮೇಲಿನ ಬೋರ್ಡು, ಬೆಂಡರನ ಹೊಟ್ಟೆಯ ಬಾಗಿಲು, ಏಡಿಯ ಹಾಗಿರುವ ಡಾಕ್ಟ್ರು ಜೋಯ್ಡ್‌ಬರ್ಗ್ ನಡೆಯುವ ರೀತಿ, ಇಂಥದ್ದಕ್ಕೆ ಎಲ್ರೂ ಒಟ್ಟಿಗೆ ನಗ್ತಾರೆ, ಮಾತಿನ ಜೋಕಿಗೆ ನಾವು ಮೂರೇ ಜನ. ಹಳೇದರಲ್ಲೂ ಅಷ್ಟೇ ಹೊಸದರಲ್ಲೂ ಅಷ್ಟೇ.

ಈಗ ಚೀಟಿಯಲ್ಲಿ ಎಂತೆಂತ ಬಂತು ಅಂತ ಕೇಳಿ. ಒಂದು ವಾರ "ಎ ಫಿಶ್‌ಫುಲ್ ಆಫ್ ಡಾಲರ್ಸ್", 1999ರದ್ದು. ಫ್ರೈಯ ಹಳೇ ಬ್ಯಾಂಕ್ ಅಕೌಂಟಲ್ಲಿ 93 ಸೆಂಟ್ ಇತ್ತು, ಎರಡೂಕಾಲು ಪರ್ಸೆಂಟ್ ಬಡ್ಡಿ, ಸಾವಿರ ವರ್ಷ ಆಗಿ ಈಗ 430 ಕೋಟಿ ಡಾಲರ್ ಅಂತ ಬ್ಯಾಂಕಿನವಳು ಹೇಳ್ತಾಳೆ. ಮಾಷ್ಟ್ರು "ನಿಲ್ಸಿ ನಿಲ್ಸಿ" ಅಂದ್ರು, ಪಾಸ್ ಮಾಡಿದೆ, ಫೋನಿನ ಕ್ಯಾಲ್ಕುಲೇಟರ್ ತೆಗೆದು 1.0225ರ ಸಾವಿರನೇ ಘಾತ ಹಾಕಿ 93 ಸೆಂಟಿನಿಂದ ಗುಣಿಸಿದ್ರು, ಬಂದದ್ದು ಹೆಚ್ಚು ಕಮ್ಮಿ ಅದೇ. "ಇದನ್ನು ಮಾಡಿದವರು ಲೆಕ್ಕ ಕಲ್ತವರು" ಅಂತ ಆ ದಿನವೇ ಫ್ಯಾನ್ ಆದ್ರು. ನಾನು ಆಗ ಹೇಳಿದೆ, ಮಾಷ್ಟ್ರೇ, ಇವರಲ್ಲಿ ಕೆನ್ ಕೀಲರ್ ಅಂತ ಒಬ್ಬರು ಗಣಿತದಲ್ಲಿ ಪಿಎಚ್‌ಡಿ ಮಾಡಿದವರು, 2010ರ ಒಂದು ಎಪಿಸೋಡಿಗೋಸ್ಕರ ಪ್ರಮೇಯವನ್ನೇ ಸಾಧಿಸಿದ್ದಾರೆ, ಎಷ್ಟೇ ಜನರ ಮೆದುಳು ದೇಹ ಅದಲುಬದಲಾದ್ರೂ ಹೊಸ ಇಬ್ಬರು ಸೇರಿದ್ರೆ ಎಲ್ರನ್ನೂ ವಾಪಸ್ ಅವರವರ ದೇಹಕ್ಕೆ ತರಬಹುದು ಅಂತ. ಅದನ್ನು ಚೀಟಿ ಇಲ್ಲದೇ ಅವರೊಬ್ಬರಿಗೆ ತೋರಿಸಬೇಕಾಯ್ತು.

ಇನ್ನೊಂದು ವಾರ "ರಾಸ್ವೆಲ್ ದಟ್ ಎಂಡ್ಸ್ ವೆಲ್" ಬಂತು, ಅಮೆರಿಕದ ಟಿವಿಯ ಎಮ್ಮಿ ಪ್ರಶಸ್ತಿ ಸಿಕ್ಕಿದ್ದು, ಫ್ರೈ 1947ಕ್ಕೆ ಹೋಗಿ ತನಗೆ ತಾನೇ ಅಜ್ಜ ಆಗುವ ಕಥೆ. ಚಾವಡಿಯಲ್ಲಿ ನಮ್ಮ ಅಜ್ಜಿ ಬೇರೆ ಬತ್ತಿ ಹೊಸೀತಾ ಕೂತಿದ್ದರು. ಆ ಭಾಗದಲ್ಲಿ ನಾನೇ ಸೌಂಡ್ ಕಮ್ಮಿ ಮಾಡಿದ್ದು, ಬೇರೆಂತ ಮಾಡುದು.

ಮತ್ತೊಂದು ಸಲ 2010ರದ್ದು, ಐಫೋನನ್ನು ಕಣ್ಣೊಳಗೆ ಹಾಕುವ ಕಥೆ, "ಅಟ್ಯಾಕ್ ಆಫ್ ದಿ ಕಿಲ್ಲರ್ ಆ್ಯಪ್". ನನ್ನ ಕೆಲಸಕ್ಕೆ ಎಲ್ಲಕ್ಕಿಂತ ಬೆಲೆ ಬಂದದ್ದು ಇದರಿಂದಲೇ. ಯಾಕಂದ್ರೆ 2023ರ ಹೊಸ ಸೀಸನ್ ಬಗ್ಗೆ ಹಳೇ ಫ್ಯಾನ್‌ಗಳ ದೊಡ್ಡ ಕಂಪ್ಲೇಂಟ್ ಎಂತ ಅಂದ್ರೆ, ಹಳಸಿದ ಸುದ್ದಿ ಹಿಡ್ಕೊಂಡು ಜೋಕ್ ಮಾಡ್ತಾರೆ, ಬಿಟ್‌ಕಾಯಿನ್ ಹುಡುಕುವ ಕೌಬಾಯ್ ಕಥೆ, ವ್ಯಾಕ್ಸಿನ್ ಕಥೆ, ಆನ್‌ಲೈನ್ ಅಂಗಡಿಯ ಕಥೆ, 2024ರಲ್ಲಂತೂ ಶುರುವಾದದ್ದೇ ಎನ್‌ಎಫ್‌ಟಿ ಅನ್ನುವ ಡಿಜಿಟಲ್ ಚಿತ್ರದ ವ್ಯಾಪಾರದಿಂದ, ಅದು ಜನರ ಬಾಯಲ್ಲಿ ಸತ್ತು ಎಷ್ಟೋ ಕಾಲ ಆಗಿತ್ತು. ಕಂಪ್ಲೇಂಟ್ ಸುಳ್ಳಲ್ಲ. ಚಿತ್ರ ಬಿಡಿಸಿ ಮಾಡುವ ಎಪಿಸೋಡಿಗೆ ಕಥೆ ಬರೆದಲ್ಲಿಂದ ಪರದೆಗೆ ಬರ್ಲಿಕ್ಕೆ ವರ್ಷದ ಲೆಕ್ಕ, ಬರೆಯುವಾಗ ಬಿಸಿ ಇದ್ದದ್ದು ಬರುವಾಗ ತಣ್ಣಗೆ. ಆದ್ರೆ "ಮೊದ್ಲು ಹೀಗೆ ಮಾಡ್ತಿರ್ಲಿಲ್ಲ" ಅಂತ ಭಾವ ವಾದ ಮಾಡಿದ್ದನಲ್ಲ, ಆ ಐಫೋನಿನ ಎಪಿಸೋಡಲ್ಲಿ ಟ್ವಿಟರ್ ಗೇಲಿ, ಆಗ ಹೆಸರಾಗಿದ್ದ ಟಿವಿ ಹಾಡುಗಾರ್ತಿಯ ಗೇಲಿ, ಒಂಬತ್ತನೇ ಕ್ಲಾಸಿನವಳು "ಇದ್ಯಾರು? ಯಾಕೆ ನಗ್ಬೇಕು?" ಅಂತ ಬರೆದಿಟ್ಟಳು. ಭಾವ ಅದನ್ನು ಓದಿ ಸುಮ್ಮನೆ ಕೂತ. ಅವನದ್ದೇ ಪುಟದಲ್ಲಿ ಮೊಬೈಲ್ ತೆಗೆದದ್ದು ಎರಡು ಸಲ ಅಂತ ಉಂಟು, ಹಳೇ ಎಪಿಸೋಡಿಗೆ!

ಆದ್ರೆ ಹೊಸದೆಲ್ಲ ಒಳ್ಳೇದು ಅಂತ ನಾನು ಹೇಳುದಿಲ್ಲ. ವ್ಯಾಕ್ಸಿನ್ ಎಪಿಸೋಡಿಗೆ ಎಲ್ರೂ ಫೋನ್ ತೆಗೆದ್ರು, ನಾನೂ. ಸ್ವರಕ್ಕೆ ವಯಸ್ಸಾಗಿದೆ ಅಂತ ದೋಸ್ತಿ ಬರೆದದ್ದು ಕೂಡ ಖರೆ, ಫ್ರೈ, ಪ್ರೊಫೆಸರ್, ಜೋಯ್ಡ್‌ಬರ್ಗ್, ಜಂಬದ ಸ್ಪೇಸ್‌ಶಿಪ್ ಕ್ಯಾಪ್ಟನ್ ಜ್ಯಾಪ್ ಬ್ರ್ಯಾನಿಗನ್ ಎಲ್ಲ ಒಬ್ಬರದ್ದೇ ಸ್ವರ, ಬಿಲ್ಲಿ ವೆಸ್ಟ್, 2023ಕ್ಕೆ ಅವರಿಗೆ 71. ಪ್ರೊಫೆಸರಿಗೆ ಅದು ಪ್ಲಸ್ಸೇ, ಫ್ರೈಗೆ ಸ್ವಲ್ಪ ಭಾರ. ಆದ್ರೆ ಹೊಸಬರು ಯಾರೂ ಇದನ್ನು ಗಮನಿಸ್ಲೇ ಇಲ್ಲ, ಅವರಿಗೆ ಫ್ರೈಯ ಸ್ವರ ಅಂದ್ರೆ ಇದೇ. ಬೆಂಡರಿಗಂತೂ ಜಾನ್ ಡಿಮ್ಯಾಜಿಯೋ ಬಾರದಿದ್ರೆ ನಾನು ನೋಡ್ತಿರ್ಲಿಲ್ಲ. 2022 ಫೆಬ್ರವರಿಯಲ್ಲಿ ಅವರಿಲ್ಲದೆ ಅನೌನ್ಸ್ ಮಾಡಿದಾಗ ಫ್ಯಾನ್‌ಗಳು ಎಬ್ಬಿಸಿದ ಗಲಾಟೆ ಸಣ್ಣದಲ್ಲ, ಮಾರ್ಚ್ 1ಕ್ಕೆ ಅವರು ಒಪ್ಪಿದ ಸುದ್ದಿ ಬಂತು.

ಹಳಬರು ಹೊಸಬರು ಪೂರ್ತಿ ಬೇರೆ ಆದದ್ದು ಎರಡನೇ ಎಪಿಸೋಡಲ್ಲಿ, "ಚಿಲ್ಡ್ರನ್ ಆಫ್ ಎ ಲೆಸ್ಸರ್ ಬಾಗ್". 2003ರ ಜನವರಿಯಲ್ಲಿ ಬಂದ ಒಂದು ಎಪಿಸೋಡಲ್ಲಿ ಜ್ಯಾಪ್‌ನ ಕೈಕೆಳಗಿನ ಏಲಿಯನ್ ಕಿಫ್ ಬಸುರಿಯಾಗಿ (ಹೌದು, ಗಂಡೇ) ಹೆತ್ತ ಮರಿಗಳು ಕೆಸರಿನ ಕೆರೆಗೆ ಹೋಗ್ತವೆ, 20 ವರ್ಷ ಕಳೆದು ಕಾಲು ಬೆಳೆದು ವಾಪಸ್ ಬರ್ತವೆ ಅಂತ ಹೇಳಿ ಕಥೆ ಮುಗಿದಿತ್ತು. ಹೊಸದರಲ್ಲಿ ಆ ಮಕ್ಕಳು ಬಂದವು, 2023ರ ಜುಲೈ 31ಕ್ಕೆ, ಅಂದ್ರೆ ನಮ್ಮ ಲೋಕದಲ್ಲೂ ಸರಿಯಾಗಿ 20 ವರ್ಷ ಕಳೆದು. ನಾವು ಮೂರು ಜನ ಹುಚ್ಚರ ಹಾಗೆ ಚಪ್ಪಾಳೆ ಹೊಡೆದೆವು. ಮಕ್ಕಳು ನಮ್ಮ ಮುಖ ನೋಡಿದ್ರು. ಪ್ಲಸ್ ಟುನವ ಬರೆದದ್ದು: "ಕಥೆ ಅರ್ಥ ಆಯ್ತು, ನಿಮಗೆ ಯಾಕೆ ಅಷ್ಟು ಖುಷಿ ಅಂತ ಅರ್ಥ ಆಗ್ಲಿಲ್ಲ." ಅದು ಸರಿಯಾದ ವಿಮರ್ಶೆ ಅಂತ ನನಗೆ ಈಗಲೂ ಅನಿಸ್ತದೆ. ಹಳಬರ ನೆನಪಿನ ಮೇಲೆ ನಿಂತ ಎಪಿಸೋಡು ಹಳಬರಿಗೆ ಮಾತ್ರ ಹಬ್ಬ.

ಸೀಸನಿನ ಕೊನೇದ್ದು "ಆಲ್ ದಿ ವೇ ಡೌನ್" ಇದಕ್ಕೆ ಉಲ್ಟಾ. ಪ್ರೊಫೆಸರ್ ಕಂಪ್ಯೂಟರಲ್ಲಿ ಒಂದು ಬ್ರಹ್ಮಾಂಡವನ್ನೇ ಮಾಡಿಡ್ತಾರೆ, ಅದರೊಳಗಿನವರಿಗೆ ತಾವು ನಿಜವಾ ಅಲ್ವಾ ಅನ್ನುವ ಸಂಶಯ. ಹಿಂದಿನ ಕಥೆ ಗೊತ್ತಿರ್ಬೇಕು ಅಂತಿಲ್ಲ. ಇಡೀ ಚಾವಡಿಯಲ್ಲಿ ಒಬ್ಬನೂ ಫೋನ್ ತೆಗೀಲಿಲ್ಲ, ಮಾಷ್ಟ್ರು ಮನೆಗೆ ಹೋಗುವಾಗ ಕೊಡೆ ಬಿಟ್ಟು ಹೋದ್ರು, ಮಾತಾಡ್ತಾ ಮಾತಾಡ್ತಾ ಮಳೆಗೆ ಇಳಿದೇ ಬಿಟ್ಟಿದ್ರು. ನನ್ನ ಪ್ರಕಾರ ಇದು ಹಳೇ ಟಾಪ್ ಐದರ ಪಕ್ಕದಲ್ಲಿ ಧೈರ್ಯವಾಗಿ ಕೂರ್ತದೆ.

ಇಷ್ಟಕ್ಕೇ ನಿಲ್ಲಿಸ್ಬೇಡಿ ಅಂತ ಹೇಳ್ತೇನೆ. ಮುಂದಿನ ಬೇಸಿಗೆ ರಜೆಯಲ್ಲಿ ಮಕ್ಕಳು ಬಂದಾಗ ಅದೇ ಹತ್ತನ್ನು ಪುನಃ ಹಾಕಿದೆ, ಹಳೇ ನೋಟ್‌ಬುಕ್ ತೋರಿಸದೆ. ಮೊದಲ ಎಪಿಸೋಡು, ಫ್ರೈ ಲೋಕದ ಎಲ್ಲ ಟಿವಿ ಸೀರಿಯಲ್ ನೋಡಿ ಮುಗಿಸ್ತೇನೆ ಅಂತ ಹೊರಡುವುದು, ನಮ್ಮ ಮೂವರಿಗೂ ಕೆಳಗೆ ಬಿತ್ತು. ಮೊದಲ ಸಲ ನಾವು ಖುಷಿ ಪಟ್ಟದ್ದು ಕಥೆಗಲ್ಲ, ಹತ್ತು ವರ್ಷ ಕಾಣದ ಮುಖಗಳು ಕಂಡದ್ದಕ್ಕೆ. ಮಕ್ಕಳಿಗೆ ಮಾತ್ರ ಕಿಫ್‌ನ ಎಪಿಸೋಡು ಮೇಲೆ ಬಂತು, ಯಾಕಂದ್ರೆ ಮಧ್ಯದಲ್ಲಿ ಅವರೇ ಕೂತು 2003ರದ್ದನ್ನು ನೋಡಿದ್ದರು.

2025ರ ಸೀಸನಿಗೆ ಇದೇ ಕ್ರಮ ನಡೀಲಿಲ್ಲ. ಸೆಪ್ಟೆಂಬರ್ 15ಕ್ಕೆ ಹುಲು ಹತ್ತನ್ನೂ ಒಟ್ಟಿಗೆ ಬಿಟ್ಟಿತು, ಭಾವ ಒಂದೇ ರಾತ್ರಿಯಲ್ಲಿ ಎಲ್ಲ ನೋಡಿ "ಪರ್ವಾಗಿಲ್ಲ" ಅಂತ ಒಂದೇ ಮೆಸೇಜ್ ಹಾಕಿದ. ಯಾವ ಎಪಿಸೋಡ್ ಹೇಗೆ ಅಂತ ಕೇಳಿದ್ರೆ ಅವನಿಗೇ ಬೇರೆ ಬೇರೆ ಮಾಡ್ಲಿಕ್ಕೆ ಆಗ್ಲಿಲ್ಲ, ಎಲ್ಲ ಒಂದಕ್ಕೊಂದು ಸೇರಿ ಹೋಗಿದೆ. ವಾರಕ್ಕೊಂದು ಬರುವಾಗ ಒಂದು ಎಪಿಸೋಡಿಗೆ ಏಳು ದಿನ ಬೈಲಿಕ್ಕೆ, ಹೊಗಳ್ಲಿಕ್ಕೆ ಸಮಯ ಇತ್ತು. ಹಾಗಾಗಿ ಈಗ ಭಾವನನ್ನು ಹಳಬರ ಲಿಸ್ಟಿಂದ ತೆಗೆದು ಬರೇ ಚೀಟಿ ಎತ್ತುವ ಕೆಲಸಕ್ಕೆ ಹಾಕಿದ್ದೇನೆ, ಉಳಿದವರಿಗೆ ಇನ್ನೂ ನಾಲ್ಕು ಎಪಿಸೋಡ್ ಬಾಕಿ ಉಂಟು, ಮಾಷ್ಟ್ರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ ಡಾಕ್ಟ್ರು ಟಿವಿ ನೋಡ್ಬಹುದು ಅಂತ ಹೇಳಿದ ಮೇಲೆ ಮುಂದಿನದ್ದು.