ಮೊಲವನ್ನು ಮನೆಯೊಳಗೆ ಬಿಡುವ ಮುನ್ನ

ಮೊಲವನ್ನು ಗೂಡಿನಿಂದ ಹೊರಗೆ ಬಿಡಬೇಕೆನ್ನುವವರಿಗೆ ನಾನು ಮೊದಲು ಹೇಳುವುದು, ಒಮ್ಮೆ ನೆಲಕ್ಕೆ ಮೊಣಕಾಲೂರಿ, ಅದರ ಕಣ್ಣಿನ ಎತ್ತರಕ್ಕೆ ತಲೆ ತಗ್ಗಿಸಿ ಕೋಣೆಯನ್ನೆಲ್ಲ ನೋಡಿರಿ ಎಂದು. ನಿಂತಾಗ ಕಾಣದಿದ್ದ ವೈರು, ಕಪಾಟಿನ ಹಿಂದಿನ ಸಂದು, ಸೋಫಾದ ಅಡಿಯಲ್ಲಿ ಹರಿದು ಜೋತ ಬಟ್ಟೆ, ಎಲ್ಲವೂ ಆಗ ಕಣ್ಣಿಗೆ ಬೀಳುತ್ತವೆ.

ಇವುಗಳಲ್ಲಿ ವೈರಿನಷ್ಟು ಅಪಾಯಕಾರಿಯಾದುದು ಬೇರೊಂದಿಲ್ಲ. ಮೊಲದ ಹಲ್ಲು ಜೀವವಿರುವವರೆಗೂ ಬೆಳೆಯುತ್ತದೆ; ಮುಂದಿನ ಹಲ್ಲುಗಳಂತೂ ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುವುದರಿಂದ, ಕಡಿಯುವುದು ಅದರ ಹುಟ್ಟುಗುಣವೇ ಹೊರತು ಗದರಿದರೆ ಬಿಟ್ಟುಹೋಗುವ ಚಟವಲ್ಲ. ವೈರನ್ನು ಗೋಡೆಯ ಮೇಲೆ ಎತ್ತರಕ್ಕೆ ಕಟ್ಟಿರಿ, ಅದಾಗದಿದ್ದರೆ ಗಟ್ಟಿಯಾದ ಪ್ಲಾಸ್ಟಿಕ್ ಕೊಳವೆಯೊಳಗೆ ತೂರಿಸಿರಿ. ಬಟ್ಟೆ ಸುತ್ತಿದರೆ ಸಾಕೆಂದು ನಾನೂ ಒಮ್ಮೆ ನಂಬಿದ್ದೆ. ಸಂಜೆಯೊಳಗೆ ಬಟ್ಟೆಯೂ ಹೋಗಿತ್ತು, ಫೋನಿನ ಚಾರ್ಜರೂ ತುಂಡಾಗಿತ್ತು. ಪ್ಲಗ್ ಕಿತ್ತಿದ್ದರಿಂದ ಮೊಲ ಉಳಿಯಿತು. ಕಡಿಯಲು ಅದಕ್ಕೆಂದೇ ಒಣಹುಲ್ಲನ್ನೂ ಮುದ್ರಣವಿಲ್ಲದ ರಟ್ಟಿನ ಪೆಟ್ಟಿಗೆಯನ್ನೂ ಸದಾ ಇಟ್ಟಿರಬೇಕು.

ಮೊಲದ ಅಂಗಾಲಿನಲ್ಲಿ ಬೆಕ್ಕಿಗಿರುವಂಥ ಮೆತ್ತೆಯಿಲ್ಲ, ರೋಮ ಮಾತ್ರವಿದೆ. ನುಣುಪಾದ ನೆಲದಲ್ಲಿ ಅದು ಜಾರಿ ಬೆದರುತ್ತದೆ. ಆದುದರಿಂದ ಓಡಾಡುವ ದಾರಿಯುದ್ದಕ್ಕೂ ಚಾಪೆ ಹಾಸಿರಿ. ಕಣಗಿಲೆ, ಮನಿಪ್ಲಾಂಟ್, ಡೈಫನ್‌ಬಾಕಿಯಾದಂಥ ಗಿಡಗಳು ಕೋಣೆಯಲ್ಲಿರಲೇಬಾರದು, ಏಕೆಂದರೆ ತಿಂದ ವಿಷವನ್ನು ವಾಂತಿ ಮಾಡಿ ಹೊರಹಾಕುವ ಶಕ್ತಿ ಮೊಲಕ್ಕಿಲ್ಲ. ಹಿಂದಕ್ಕೆ ಒರಗಿಸುವ ಯಂತ್ರದ ಕುರ್ಚಿಯಿದ್ದರೆ, ಅಡಿಯಲ್ಲಿ ನೋಡದೆ ಅದನ್ನು ಅಲುಗಿಸಬೇಡಿ.

ಮೊದಲ ದಿನವೇ ಇಡೀ ಮನೆ ಬೇಡ. ಒಂದೇ ಕೋಣೆಯಲ್ಲಿ ಬಿಟ್ಟು, ಅದು ಯಾವ ಮೂಲೆಯಲ್ಲಿ ಮೂತ್ರ ಮಾಡುತ್ತದೆಂದು ಗಮನಿಸಿ, ಅಲ್ಲಿಯೇ ಮಲಮೂತ್ರಕ್ಕೆಂದು ತಟ್ಟೆಯಿಟ್ಟು ಪಕ್ಕದಲ್ಲಿ ಹುಲ್ಲು ಹಾಕಿದರೆ, ಹುಲ್ಲು ತಿನ್ನುತ್ತಲೇ ಹಿಕ್ಕೆ ಹಾಕುವ ಸ್ವಭಾವದ ಈ ಪ್ರಾಣಿ ತಾನಾಗಿಯೇ ಆ ಜಾಗಕ್ಕೆ ಒಗ್ಗುತ್ತದೆ. ಆ ಅಭ್ಯಾಸ ಗಟ್ಟಿಯಾದ ಮೇಲಷ್ಟೇ ಮುಂದಿನ ಕೋಣೆಯ ಬಾಗಿಲು ತೆರೆಯಿರಿ. ಮೊಲ ಚುರುಕಾಗಿರುವುದು ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ. ನೀವು ಜೊತೆಗಿರಬೇಕಾದ ಹೊತ್ತೂ ಅದೇ. ಗೂಡಿಗೆ ಸೇರಿಸಲು ಬೆನ್ನಟ್ಟಿ ಹಿಡಿಯಬೇಡಿ. ಎತ್ತಿದಾಗ ಹಿಂಗಾಲು ಝಾಡಿಸಿದರೆ ಬೆನ್ನುಮೂಳೆಯೇ ಮುರಿಯಬಹುದು. ಸೊಪ್ಪಿನ ಎಲೆ ತೋರಿಸಿ ಕರೆದರೆ ಬರುತ್ತದೆ. ಬಂದ ಮೊಲ ಆ ಎಲೆಯನ್ನೂ ಮೂಸದೆ, ಅರ್ಧ ದಿನ ಏನನ್ನೂ ತಿನ್ನದೆ, ಹಿಕ್ಕೆಯನ್ನೂ ಹಾಕದೆ ಕುಳಿತರೆ, ನಾಳೆ ನೋಡೋಣವೆನ್ನದೆ ಆಗಲೇ ಪಶುವೈದ್ಯರ ಬಳಿಗೆ ಒಯ್ಯಿರಿ.