ಗುಲಾಬಿ ಗುಂಡಿಗೆ ಮೊದಲು ನೀರು ಸುರಿದು ನೋಡಿ

ಗುಲಾಬಿ ಗಿಡ ತರುವುದಕ್ಕೆ ಒಂದು ತಿಂಗಳು ಮುಂಚೆಯೇ ಗುಂಡಿ ತೋಡಿರಬೇಕು. ನರ್ಸರಿಯಿಂದ ಬಂದ ಸಂಜೆಯೇ ಗುದ್ದಲಿ ಹುಡುಕಿದರೆ, ಗಿಡ ಜೊತೆಗೆ ತಂದ ಮೊಗ್ಗನ್ನಷ್ಟೇ ಅರಳಿಸಿ ಆಮೇಲೆ ಒಣಕಡ್ಡಿಯಾಗುತ್ತದೆ.

ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಜಾಗ ನೋಡಿ, ಬೆಳಗಿನ ಬಿಸಿಲಾದರೆ ಇನ್ನೂ ಒಳ್ಳೆಯದು. ಉದ್ದ, ಅಗಲ, ಆಳ ಮೂರೂ ಒಂದೂವರೆ ಅಡಿ. ಅಗೆಯುವಾಗ ಮೇಲಿನ ಅರ್ಧ ಅಡಿ ಮಣ್ಣನ್ನು ಒಂದು ಕಡೆ, ಅಡಿಯ ಮಣ್ಣನ್ನು ಇನ್ನೊಂದು ಕಡೆ ಗುಡ್ಡೆ ಹಾಕಿ. ಕಸುವಿರುವುದು ಮೇಲ್ಮಣ್ಣಿನಲ್ಲಿ. ಗುಂಡಿ ಎರಡು ವಾರ ಬಾಯ್ಬಿಟ್ಟುಕೊಂಡು ಬಿಸಿಲು ಕಾಯಲಿ, ಗೊಣ್ಣೆಹುಳು, ಗೆದ್ದಲು ಕಣ್ಣಿಗೆ ಬೀಳುತ್ತವೆ.

ಬೆಂಗಳೂರು, ಮೈಸೂರಿನ ಹೊಸ ಬಡಾವಣೆಗಳಲ್ಲಿ ಮನೆ ಮುಂದಿನ ಮಣ್ಣು ಅರ್ಧ ಮಣ್ಣು, ಇನ್ನರ್ಧ ಗಾರೆ ಚೂರು, ಸಿಮೆಂಟ್ ಹೆಂಟೆ. ಒಂದು ಹಿಡಿ ಒಣ ಮಣ್ಣನ್ನು ತಟ್ಟೆಗೆ ಹಾಕಿ ನಿಂಬೆರಸ ಹಿಂಡಿ. ಸುಯ್ಯೆಂದು ನೊರೆ ಎದ್ದರೆ ಸುಣ್ಣದಂಶ ಸೇರಿದೆ ಎಂದೇ ಅರ್ಥ. ಗುಲಾಬಿಗೆ ಪಿಎಚ್ 6ರಿಂದ 6.5ರ ಸ್ವಲ್ಪ ಹುಳಿ ಮಣ್ಣು ಬೇಕು. ಸುಣ್ಣ ಹೆಚ್ಚಾದರೆ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುವುದು ಇದಕ್ಕೇ. ಇಂಥ ಮಣ್ಣಿಗೆ ಉಪಚಾರ ಮಾಡುತ್ತ ಕೂರುವುದಕ್ಕಿಂತ ಅದನ್ನು ಎತ್ತಿಹಾಕಿ, ಹೊರಗಿನ ಕೆಮ್ಮಣ್ಣು ತುಂಬುವುದೇ ಲೇಸು. ಗಡಸು ಬೋರ್‌ವೆಲ್ ನೀರೂ ನಿಧಾನವಾಗಿ ಇದೇ ಕೆಲಸ ಮಾಡುತ್ತದೆ, ಮಳೆ ನೀರು ಹಿಡಿದಿಟ್ಟಿದ್ದರೆ ಗುಲಾಬಿಗೇ ಮೀಸಲಿಡಿ.

ಇನ್ನು ನೀರಿನ ಪರೀಕ್ಷೆ. ಗುಂಡಿ ತುಂಬ ನೀರು ಸುರಿದು ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿಸಿ, ಒಂದು ಕಡ್ಡಿ ನೆಟ್ಟು ಗುರುತು ಮಾಡಿ. ಗಂಟೆಗೆ ಒಂದೆರಡು ಇಂಚು ಇಳಿದರೆ ಚಿಂತೆಯಿಲ್ಲ. ಮಾರನೆಯ ದಿನವೂ ತಳದಲ್ಲಿ ನೀರು ಹೊಳೆಯುತ್ತಿದ್ದರೆ ಆ ಗುಂಡಿ ಗುಂಡಿಯಲ್ಲ, ಬೋಗುಣಿ. ಬೇರಿಗೆ ಉಸಿರಾಡಲು ಗಾಳಿಯಿಲ್ಲದೆ ಕೊಳೆಯುತ್ತದೆ. ಮೇಲೆ ಎಲೆ ಬಾಡಿದ್ದು ನೋಡಿ ನೀವು ಇನ್ನೊಂದು ಕೊಡ ನೀರು ಹಾಕುತ್ತೀರಿ. ಮನೆಯಂಗಳದ ಗುಲಾಬಿಗಳು ಬಾಯಾರಿ ಸಾಯುವುದಕ್ಕಿಂತ ಹೀಗೆ ಸಾಯುವುದೇ ಹೆಚ್ಚು.

ಅದಕ್ಕೆ ಮದ್ದೆಂದು ತಳದಲ್ಲಿ ಇಟ್ಟಿಗೆ ಚೂರು, ಜಲ್ಲಿ ಹಾಕುವ ರೂಢಿಯಿದೆ. ಪ್ರಯೋಜನವಿಲ್ಲ. ಮೇಲಿನ ನುಣ್ಣನೆಯ ಮಣ್ಣು ಪೂರಾ ನೆನೆದು ಹನಿಯುವವರೆಗೆ ನೀರು ಜಲ್ಲಿಗೆ ಇಳಿಯುವುದೇ ಇಲ್ಲ; ಇಳಿದ ಮೇಲೂ ಅದರ ಕೆಳಗಿರುವುದು ಅದೇ ಗಟ್ಟಿ ನೆಲವಲ್ಲವೇ? ನೆಲದ ಮೇಲೆ ಒಂದಡಿ ಎತ್ತರದ ಮಡಿ ಕಟ್ಟಿ ಅದರಲ್ಲಿ ನೆಡಿ. ಧಾರವಾಡ, ಗದಗ ಕಡೆಯ ಎರೆಮಣ್ಣಿಗೂ ಇದೇ ದಾರಿ. ಎರೆಗೆ ಎರಡು ಬುಟ್ಟಿ ಮರಳು ಬೆರೆಸಿದರೆ ಅದು ಸಡಿಲವಾಗುವ ಬದಲು ಗಾರೆಯಂತೆ ಬಿಗಿಯುತ್ತದೆ, ಅದನ್ನು ಬಿಡಿಸುವುದು ಗೊಬ್ಬರ ಮಾತ್ರ.

ತುಂಬುವ ಲೆಕ್ಕ ಹೀಗೆ: ಮೇಲ್ಮಣ್ಣು ಎರಡು ಪಾಲು, ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು. ಗುಂಡಿಯೊಂದಕ್ಕೆ ಬೇವಿನ ಹಿಂಡಿ 200 ಗ್ರಾಂ, ಮೂಳೆಪುಡಿ 200 ಗ್ರಾಂ. ಮೂಳೆಪುಡಿ ಕರಗುವುದು ಹುಳಿ ಮಣ್ಣಿನಲ್ಲಿ, ಎರೆಮಣ್ಣಿಗೆ ಹಾಕಿದರೆ ದುಡ್ಡು ದಂಡ. ನಾಯಿ ಸಾಕಿದ್ದರೆ ಅದು ವಾಸನೆ ಹಿಡಿದು ಕೆದಕೀತು, ಸ್ವಲ್ಪ ಆಳಕ್ಕೆ ಬೆರೆಸಿ.

ಗೊಬ್ಬರ ಕಳಿತಿದೆಯೋ ಇಲ್ಲವೋ ತಿಳಿಯಲು ರಾಶಿಯೊಳಗೆ ಕೈ ತೂರಿಸಿ. ಬೆಚ್ಚಗಿರಬಾರದು, ಸಗಣಿ ನಾತವಿರಬಾರದು. ಹಿಡಿದು ಬಿಟ್ಟರೆ ಉದುರಬೇಕು, ಮೊದಲ ಮಳೆ ಬಿದ್ದ ನೆಲದಂತೆ ಘಮ್ಮೆನ್ನಬೇಕು. ಹಸಿ ಸಗಣಿ ಬೇರನ್ನು ಸುಡುತ್ತದೆ, ಜೊತೆಗೆ ಗೊಣ್ಣೆಹುಳುವನ್ನೂ ಕರೆತರುತ್ತದೆ.

ಮಿಶ್ರಣವನ್ನು ನೆಲಮಟ್ಟಕ್ಕಿಂತ ನಾಲ್ಕು ಇಂಚು ಮೇಲೆ ಬರುವಂತೆ ತುಂಬಿ, ನೀರು ಚಿಮುಕಿಸಿ, ಎರಡು ವಾರ ಬಿಡಿ. ಕುಸಿದು ಸರಿಹೋಗುತ್ತದೆ, ಹಿಂಡಿಯ ಕಾವೂ ಇಳಿಯುತ್ತದೆ. ನಡುವೆ ಬಿಳಿ ಬೂಷ್ಟು ಕಂಡರೆ ಹೆದರಬೇಡಿ, ಹಿಂಡಿ ಕಳಿಯುತ್ತಿದೆ ಅಷ್ಟೆ.

ಬಯಲುಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ನೆಡಲು ಹದವಾದ ಕಾಲ. ನರ್ಸರಿ ಗಿಡದ ಬೇರಿಗೆ ಎಷ್ಟೋ ಸಲ ಜೇಡಿಮಣ್ಣಿನ ಉಂಡೆ ಕಲ್ಲಿನಂತೆ ಕಚ್ಚಿಕೊಂಡಿರುತ್ತದೆ. ಹಾಗೇ ನೆಟ್ಟರೆ ಎಂಥ ಒಳ್ಳೆ ಮಣ್ಣಿದ್ದರೂ ಬೇರು ಉಂಡೆ ದಾಟುವುದಿಲ್ಲ. ಚೀಲ ಸೀಳಿ, ಅರ್ಧ ಗಂಟೆ ಬಕೆಟ್ ನೀರಿನಲ್ಲಿಟ್ಟು, ಹೊರಪದರವನ್ನು ಬೆರಳಿನಿಂದ ಮೆಲ್ಲಗೆ ಸಡಿಲಿಸಿ. ಕಸಿ ಗಂಟು, ಅಂದರೆ ಕಾಡುಗಿಡದ ಬುಡಕ್ಕೆ ಒಳ್ಳೆ ಗುಲಾಬಿಯನ್ನು ಬೆಸೆದ ಜಾಗದ ಉಬ್ಬು, ಮಣ್ಣಿನಿಂದ ಎರಡು ಇಂಚು ಮೇಲಿರಲಿ. ಗಂಟಿನ ಕೆಳಗೆ ಚಿಗುರಿದ್ದೆಲ್ಲ ಕಾಡುಗಿಡದ್ದು, ಕಂಡ ಕೂಡಲೇ ಬುಡಸಮೇತ ಕೀಳಿ. ಹೊಸ ಕೆಂಪು ಚಿಗುರು ಬೆರಳುದ್ದ ಬರುವವರೆಗೆ ಮೇಲುಗೊಬ್ಬರದ ಮಾತೇ ಬೇಡ.